ಇಂಜಿನ್ನಿಗೆ ಜ್ವರ, ಡ್ರೈವರಿಗೆ ಬರೆ!

ಶಿರಾಡಿ ಘಾಟಿಯಲ್ಲಿ ಲೋಡು ಲಾರಿಯೊಂದು ಕೆಟ್ಟು ನಿಂತಿತು ಅಂದರೆ ಸಾಕು, ಅದರ ಬಿಸಿ ಹಾಸನದ ಸಂತೆಪೇಟೆವರೆಗೂ ತಟ್ಟುತ್ತದೆ. ಮಂಗಳೂರಿನಿಂದ ಬರಬೇಕಾದ ಅಡುಗೆ ಎಣ್ಣೆ ಟಿನ್ನು ಅಂಗಡಿ ಸೇರುವುದಿಲ್ಲ. ಆಸ್ಪತ್ರೆ ಚೀಟಿ ಹಿಡಿದು ಮಂಗಳೂರಿಗೆ ಹೊರಟ ವಯಸ್ಸಾದವರು ಬಸ್ಸಿನಲ್ಲೇ ಬೆವರುತ್ತ ಕೂರುತ್ತಾರೆ. ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹರಕೆ ಹೊತ್ತು ಹೊರಟವರ ಮಕ್ಕಳು ನೀರು ನೀರು ಅಂತ ಅಳುತ್ತವೆ. ಇಷ್ಟೂ ಜನ ಸೇರಿ ಬೈಯುವುದು ಮಾತ್ರ ಒಬ್ಬನನ್ನು. ಅವನೇ ಆ ಲಾರಿಯ ಡ್ರೈವರ್! "ಕುಡಿದಿರಬೇಕು ಬಿಡಿ" ಅಂತ ಒಬ್ಬರು, "ಓಡಿಸೋಕೆ ಬರದವನಿಗೆಲ್ಲ ಲೈಸೆನ್ಸ್ ಕೊಡ್ತಾರೆ" ಅಂತ ಇನ್ನೊಬ್ಬರು.

ರಸ್ತೆ ಕೆಟ್ಟಿದೆ ಅಂತ 2015ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ಘಾಟಿಯನ್ನೇ ಬಂದ್ ಮಾಡಿ ಕಾಂಕ್ರೀಟ್ ಹಾಕಿದ್ದಾಯಿತು. ಮಳೆಗಾಲದಲ್ಲಿ ಗುಡ್ಡ ಜರಿದರೆ ಅದು ಯಾರ ಕೈಯಲ್ಲೂ ಇಲ್ಲ. ಆದರೆ ರಸ್ತೆಯೂ ಸರಿಯಿದ್ದು, ಗುಡ್ಡವೂ ಸುಮ್ಮನಿದ್ದು, ಡ್ರೈವರೂ ಎಚ್ಚರವಾಗಿದ್ದ ದಿನ ಹಳೇ ಲಾರಿ ಏರಿನ ನಡುವೆ "ಕಟ ಕಟ" ಅಂತ ಸದ್ದು ಮಾಡಿ ಜಾಮ್ ಆಗುತ್ತದಲ್ಲ, ಅದಕ್ಕೆ ಯಾರನ್ನು ಹಿಡಿಯುವುದು?

ಇದರ ಉತ್ತರ ಡ್ರೈವರಿನ ಎದುರಿಗೇ ಇದೆ. ಸ್ಟೀರಿಂಗಿನ ಮುಂದಿನ ಹಲಗೆಯಲ್ಲಿ ಸ್ಪೀಡು ತೋರಿಸುವ ದೊಡ್ಡ ಮೀಟರಿನ ಪಕ್ಕ ಒಂದು ಸಣ್ಣ ಮೀಟರು. ಅದರಲ್ಲೊಂದು ಮುಳ್ಳು. ಅದು ಆಯಿಲ್ ಪ್ರೆಶರಿನ ಮುಳ್ಳು. ಹಳೇ ಬಸ್ಸುಗಳಲ್ಲಿ ಬಾನೆಟ್ಟಿಗೆ ಒರಗಿಕೊಂಡು ಕೂರುವ ಸೀಟು ಸಿಕ್ಕವರು ಇದನ್ನು ನೋಡಿಯೇ ಇರುತ್ತಾರೆ, ನೋಡಿಯೂ ಅದೇನು ಅಂತ ಕೇಳಿರುವುದಿಲ್ಲ. ಅದಕ್ಕೂ ಹಿಂದಿನ ಗಾಡಿಗಳಲ್ಲಿ ಇಂಜಿನ್ನಿನ ಬಿಸಿ ಆಯಿಲೇ ಸಣ್ಣ ತಾಮ್ರದ ಕೊಳವೆಯಲ್ಲಿ ಮೀಟರಿನ ತನಕ ಬರುತ್ತಿತ್ತು. ಕೊಳವೆ ಸೋರಿದರೆ ಡ್ರೈವರಿನ ಪಾದಕ್ಕೇ ಆಯಿಲ್ ಅಭಿಷೇಕ! ಆಮೇಲೆ ವೈರು ಬಂತು, ಕೆಂಪು ದೀಪ ಬಂತು. 2020ರ ಏಪ್ರಿಲ್‌ನಿಂದ ಮಾರಾಟಕ್ಕೆ ಬಂದ ಬಿ.ಎಸ್. 6 ಗಾಡಿಗಳಲ್ಲಿ ಕಂಪ್ಯೂಟರೇ ಕಾವಲು ಕೂತಿದೆ. ಆದರೆ ಜಿಲ್ಲೆಯ ಆಲೂಗಡ್ಡೆ, ಶುಂಠಿ, ತೆಂಗಿನಕಾಯಿ, ಇಟ್ಟಿಗೆ, ಮರಳು ಹೊರುವವೆಲ್ಲ ಹೊಸ ಗಾಡಿಗಳಲ್ಲ. ಹತ್ತು ಹದಿನೈದು ವರ್ಷ ದುಡಿದು, ಎರಡು ಮೂರು ಕೈ ಬದಲಾಯಿಸಿ, ಮುಂಗಡಕ್ಕೆ ಸಾಲ ಮಾಡಿ ಕೊಂಡವನ ಮನೆ ಮುಂದೆ ನಿಂತಿರುವ ಲಾರಿಗಳೂ ಅವುಗಳಲ್ಲಿವೆ.

ಈ ಪ್ರೆಶರ್ ಅಂದರೇನು? ನಲ್ಲಿ ನೀರಿಗೆ ಪಾಡು ಪಟ್ಟವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕೆಳಗಿನ ಬೀದಿಯವರೆಲ್ಲ ನಲ್ಲಿ ತೆರೆದಿಟ್ಟರೆ ಮೇಲಿನ ಬೀದಿಯ ನಲ್ಲಿಯಲ್ಲಿ ಬರೀ ಗಾಳಿ. ಪಂಪು ಓಡುತ್ತಲೇ ಇರುತ್ತದೆ, ಟ್ಯಾಂಕಿನಲ್ಲಿ ನೀರೂ ಇರುತ್ತದೆ, ಆದರೆ ಒತ್ತಡವಿಲ್ಲ. ಇಂಜಿನ್ನಿನ ಕತೆಯೂ ಇದೇ. ಕೆಳಗಿನ ಚೇಂಬರಿನಿಂದ ಆಯಿಲನ್ನು ಪಂಪು ಎತ್ತಿ ತಳ್ಳುತ್ತದೆ. ಅದು ಕ್ರ್ಯಾಂಕಿನ ಬೇರಿಂಗುಗಳ ಸಂದಿಗೆ ನುಗ್ಗಿ, ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ನಡುವೆ ಪೊರೆಯಾಗಿ ನಿಲ್ಲಬೇಕು. ಆ ಸಂದು ಎಷ್ಟು ಅಂತೀರಿ? ಹೆಚ್ಚೂ ಕಡಿಮೆ ತಲೆಗೂದಲಿನ ದಪ್ಪ. ಪಂಪು ಕೊಡುವುದು ಹರಿವನ್ನು. ಆ ಹರಿವಿಗೆ ಕಿರಿದಾದ ಸಂದಿಯೇ ಅಡ್ಡ ನಿಂತಾಗ ಮುಳ್ಳು ಏಳುತ್ತದೆ. ವರ್ಷಗಟ್ಟಲೆ ಓಡಿ ಬೇರಿಂಗ್ ಸವೆದರೆ ಸಂದು ಅಗಲವಾಗುತ್ತದೆ. ಲೆಕ್ಕ ಬಲ್ಲವರು ಹೇಳುವ ಪ್ರಕಾರ ಸಂದು ಎರಡರಷ್ಟಾದರೆ ಸೋರಿಕೆ ಎರಡರಷ್ಟಲ್ಲ, ಎಂಟರಷ್ಟು! ಕೆಳಗಿನ ಬೀದಿಯಲ್ಲಿ ಎಂಟು ನಲ್ಲಿ ಒಟ್ಟಿಗೆ ತೆರೆದ ಹಾಗೆ. ಕೊನೆಯ ಬೇರಿಂಗಿಗೆ, ತಲೆಯ ಮೇಲಿನ ರಾಕರಿಗೆ ಉಳಿಯುವುದೇನು?

ಇದಕ್ಕೆ ಘಾಟಿ ಸೇರಿದರೆ ಗಾಯದ ಮೇಲೆ ಬರೆ ಎಳೆದಂತೆ. ಗುಂಡ್ಯದಿಂದ ಸಕಲೇಶಪುರದ ಕಡೆಗೆ ಲೋಡು ಹೊತ್ತು ಏರುವಾಗ ಇಂಜಿನ್ ಕಾದು ಕೆಂಡವಾಗುತ್ತದೆ. ಕಾದ ಆಯಿಲ್ ನೀರಿನಂತೆ ತೆಳ್ಳಗಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಠೀವಿಯಿಂದ ನಿಂತಿದ್ದ ಮುಳ್ಳು ಮಧ್ಯಾಹ್ನ ತಿರುವಿನಲ್ಲಿ ಗೇರು ಬದಲಾಯಿಸಲು ಕಾಲು ತೆಗೆದೊಡನೆ ಸೊನ್ನೆಯತ್ತ ಮಲಗುತ್ತದೆ. ಮತ್ತೆ ಎಕ್ಸಲರೇಟರ್ ತುಳಿದರೆ ಏಳುತ್ತದೆ. ಈ "ಏಳುತ್ತಲ್ಲ" ಎನ್ನುವ ಸಮಾಧಾನವೇ ಮೋಸ. ಗೇರು ಇಳಿಸದೆ ದೊಡ್ಡ ಗೇರಿನಲ್ಲೇ ದಮ್ಮು ಕಟ್ಟಿ ಎಳೆಸಿದರಂತೂ ಮುಗಿಯಿತು. ಇಂಜಿನ್ನಿನ ಸುತ್ತು ಕಡಿಮೆ, ಆದ್ದರಿಂದ ಪಂಪಿನ ಓಟವೂ ಕಡಿಮೆ. ಬೇರಿಂಗಿನ ಮೇಲೆ ಬೀಳುವ ಭಾರ ಮಾತ್ರ ಪೂರ್ತಿ. ಪೊರೆ ಹರಿಯುತ್ತದೆ. ಬೇರಿಂಗಿನ ಮೆತ್ತನೆ ಲೋಹ ಕರಗಿ ಒರೆಸಿಹೋಗುತ್ತದೆ, ಬೇರಿಂಗ್ ತನ್ನ ಜಾಗದಲ್ಲೇ ತಿರುಗಿ ಆಯಿಲಿನ ತೂತನ್ನು ಮುಚ್ಚಿಬಿಡುತ್ತದೆ. ಆಮೇಲೆ ಬರುವುದೇ ಆ "ಕಟ ಕಟ". ಆಗಲೂ ನಿಲ್ಲಿಸದಿದ್ದರೆ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕನ್ನೇ ಸೀಳಿಕೊಂಡು ಹೊರಗೆ ಬಂದು ನಮಸ್ಕಾರ ಹೇಳುತ್ತದೆ.

ಏರಿನಲ್ಲಿ ಇಂಜಿನ್ ಸತ್ತರೆ ಬರೀ ದಾರಿ ತಪ್ಪಿದಷ್ಟೇ ಅಲ್ಲ. ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಓಡುವುದು ಇಂಜಿನ್ನಿನಿಂದಲೇ. ಟ್ಯಾಂಕಿನಲ್ಲಿ ಉಳಿದ ಗಾಳಿ ಇರುವಷ್ಟೇ ಬ್ರೇಕು. ಪವರ್ ಸ್ಟೀರಿಂಗ್ ಗಾಡಿಯಾದರೆ ಸ್ಟೀರಿಂಗು ಕಲ್ಲಾಗುತ್ತದೆ. ಕ್ಲೀನರ್ ಹುಡುಗ ಓಡುವ ಗಾಡಿಯಿಂದ ಹಾರಿ ಹಿಂದಿನ ಚಕ್ರಕ್ಕೆ ಅಡ್ಡಕಲ್ಲು ಕೊಡಬೇಕು. ಹಿಂದೆ ನಿಂತಿರುವುದು ಐವತ್ತು ಜನ ಕೂತ ಬಸ್ಸು. ಈ ಒಂದು ಮುಳ್ಳಿನ ವಿಷಯ ಬಸ್ಸಿನವರಿಗೆ ಸಂಬಂಧವಿಲ್ಲದ್ದು ಅನ್ನುವಂತಿಲ್ಲ.

ಇನ್ನು ಮಾಲೀಕರ ವಿಷಯ. ಮುಳ್ಳು ಇಳಿದದ್ದನ್ನು ಮೊದಲು ನೋಡುವವನು ಡ್ರೈವರ್. ಹೇಳುವವನೂ ಅವನೇ. ಆದರೆ ಆ ಮಾತುಕತೆ ಸಾಮಾನ್ಯವಾಗಿ ನಡೆಯುವುದು ಹೀಗೆ:

"ಅಣ್ಣಾ, ಗಾಡಿ ಬಿಸಿಯಾದ್ ಮೇಲೆ ಆಯಿಲ್ ಪ್ರೆಶರ್ ನಿಲ್ತಾ ಇಲ್ಲ. ಒಂದ್ಸಲ ಚೇಂಬರ್ ಇಳಿಸಿ ನೋಡಿಸ್ಬಿಡಣ."

"ಮೀಟ್ರು ಕೆಟ್ಟಿರ್ಬೇಕು ಕಣೋ. ಈ ಸೀಸನ್ ಒಂದು ಮುಗೀಲಿ."

ಆಲೂಗಡ್ಡೆ ಮುಗಿದರೆ ಕಾಫಿ, ಕಾಫಿ ಮುಗಿಯುವ ಮುನ್ನ ಶುಂಠಿ. ಸೀಸನ್ ಮುಗಿಯುವುದು ಯಾವಾಗ? ಇಂಜಿನ್ ಮುಗಿದ ಮೇಲೆ!

ಮಾಲೀಕರೆಲ್ಲ ದುಷ್ಟರು ಎಂದು ಇದರ ಅರ್ಥವಲ್ಲ. ಒಂದೇ ಲಾರಿ ಇಟ್ಟುಕೊಂಡವನ ಪಾಡು ಅವನಿಗೇ ಗೊತ್ತು. ಫೈನಾನ್ಸಿನವರ ಕಂತು ತಿಂಗಳ ತಾರೀಕಿಗೆ ಸರಿಯಾಗಿ ಬಾಗಿಲು ಬಡಿಯುತ್ತದೆ. ಇನ್ಶೂರೆನ್ಸ್, ಟ್ಯಾಕ್ಸು, ಟೈರು, ಡೀಸೆಲ್ಲು, ಟೋಲು. ಹೋಗುವಾಗ ಲೋಡು ಸಿಕ್ಕರೆ ಬರುವಾಗ ಖಾಲಿ. ಗಾಡಿ ಗ್ಯಾರೇಜಿನಲ್ಲಿ ಹತ್ತು ದಿನ ನಿಂತರೆ ಬಾಡಿಗೆ ಬೇರೆಯವರ ಪಾಲು. ಹೀಗಿರುವಾಗ "ಇನ್ನೊಂದು ಟ್ರಿಪ್ ಎಳೀಲಿ" ಅನ್ನುವ ಆಸೆ ಯಾರಿಗೆ ಬರುವುದಿಲ್ಲ? ಆದರೆ ಆಸೆಗೂ ಒಂದು ಲೆಕ್ಕ ಬೇಡವೇ? ಬೇರಿಂಗ್ ಸವೆತ ಬೇಗ ಸಿಕ್ಕರೆ ಎಷ್ಟೋ ಗಾಡಿಗಳಲ್ಲಿ ಇಂಜಿನ್ನನ್ನು ಕೆಳಗಿಳಿಸುವುದೇ ಬೇಡ. ಕೆಳಗಿನಿಂದ ಚೇಂಬರ್ ಬಿಚ್ಚಿ, ಒಂದೆರಡು ಕ್ಯಾಪು ತೆಗೆದು ನೋಡಿ, ಕ್ರ್ಯಾಂಕು ನಯವಾಗಿದ್ದರೆ ಹೊಸ ಬೇರಿಂಗ್ ಸೆಟ್ಟು ಹಾಕಿ ಕಳಿಸಬಹುದು. ಅದು ಸಾವಿರಗಳ ಲೆಕ್ಕ. ಬಿಟ್ಟರೆ ಕ್ರ್ಯಾಂಕು ಗೀರು ಬಿದ್ದು ಲೇತಿಗೆ ಹೋಗಬೇಕು, ಕಾಲು ಮಿಲಿಮೀಟರಿನಂತೆ ಸಾಣೆ ಹಿಡಿದು ಅದರ ಅಳತೆಯ ಬೇರಿಂಗ್ ಹಾಕಬೇಕು. ಇನ್ನೂ ಬಿಟ್ಟರೆ ಕ್ರ್ಯಾಂಕೂ ಇಲ್ಲ, ಬ್ಲಾಕೂ ಇಲ್ಲ, ಲಕ್ಷಗಳ ಲೆಕ್ಕ. ಘಾಟಿಯಿಂದ ಎಳೆದು ತಂದ ಕ್ರೇನಿನ ಬಾಡಿಗೆ ಬೇರೆ. ಉಗುರಲ್ಲಿ ಚಿವುಟುವುದಕ್ಕೆ ಕೊಡಲಿ ತಂದರಂತೆ ಅಂತ ಹಿರಿಯರು ಹೇಳಿದ್ದು ಇಂಥದ್ದಕ್ಕೇ ಇರಬೇಕು.

ಆದರೆ ಪೇಟೆಯಲ್ಲಿ ಉಗುರೂ ಬೇಡ, ಕೊಡಲಿಯೂ ಬೇಡ ಅನ್ನುವ ಮೂರನೇ ದಾರಿಯೊಂದಿದೆ. ಅದಕ್ಕೆ ಮುಳ್ಳಿಗೆ ಮದ್ದು ಕೊಡುವುದು ಅಂತ ಹೆಸರಿಡಬಹುದು. 15-40 ನಂಬರಿನ ಆಯಿಲ್ ಹಾಕಬೇಕಾದ ಇಂಜಿನ್ನಿಗೆ 20-50 ಸುರಿಯುವುದು. ಅದಕ್ಕೂ ಬಗ್ಗದಿದ್ದರೆ ಗೇರ್ ಬಾಕ್ಸಿನ ಗಟ್ಟಿ ಆಯಿಲನ್ನೇ ಒಂದಿಷ್ಟು ಬೆರೆಸುವುದು. ಹಳೇ ಗಾಡಿ ಮಾರುವವರ ಹಳೇ ವಿದ್ಯೆ ಇದು. ಗಟ್ಟಿ ಆಯಿಲಿಗೆ ಮುಳ್ಳು ಸೆಟೆದು ನಿಲ್ಲುತ್ತದೆ, ಇಂಜಿನ್ ಸದ್ದೂ ಮೆತ್ತಗಾಗುತ್ತದೆ, ಕೊಂಡವನು ಗಾಡಿ ಚೆನ್ನಾಗಿದೆ ಅಂತ ಪೂಜೆ ಮಾಡಿಸಿ ಕೊಂಡುಹೋಗುತ್ತಾನೆ. ಮೊದಲ ಆಯಿಲ್ ಬದಲಾವಣೆಯ ದಿನ ಬಣ್ಣ ಬಯಲು! ಗಟ್ಟಿ ಆಯಿಲ್ ಸವೆದ ಬೇರಿಂಗನ್ನು ತುಂಬಿಸುವುದಿಲ್ಲ. ಸಕಲೇಶಪುರದ ಚಳಿಯ ಬೆಳಗಿನಲ್ಲಿ ಅದು ಮೇಲಕ್ಕೆ ಹತ್ತುವುದೇ ತಡ, ಅಷ್ಟರಲ್ಲಿ ಒಣ ಇಂಜಿನ್ ಇನ್ನಷ್ಟು ಸವೆದಿರುತ್ತದೆ. ಹಳೆಯ ಇಂಜಿನ್ನಿಗೆ ಕಂಪನಿಯೇ ಒಪ್ಪಿದ ಸ್ವಲ್ಪ ಗಟ್ಟಿ ಆಯಿಲ್ ಹಾಕಿ ಕೆಲವು ತಿಂಗಳು ದೂಡುವುದು ಬೇರೆ, ಮುಳ್ಳಿಗೆ ವೇಷ ಹಾಕಿಸುವುದು ಬೇರೆ. ಇನ್ನು ಕೆಂಪು ದೀಪ ಉರಿಯುತ್ತದೆ ಅಂತ ಬಲ್ಬನ್ನೇ ಕಿತ್ತವರ ಬಗ್ಗೆ ಏನು ಹೇಳೋಣ? ಜ್ವರ ತೋರಿಸಿತು ಅಂತ ಥರ್ಮಾಮೀಟರ್ ಒಡೆದ ಜಾಣರು.

ಎಷ್ಟೋ ಸಲ ಕಾಯಿಲೆ ಬೇರಿಂಗಿನದೇ ಆಗಿರುವುದಿಲ್ಲ ಎಂಬುದನ್ನೂ ಹೇಳಬೇಕು. ಮುಳ್ಳು ಇಳಿಯಿತು ಅಂದ ಕೂಡಲೇ "ಇಂಜಿನ್ ಇಳಿಸ್ಬೇಕು" ಅಂತ ಸ್ಪ್ಯಾನರ್ ಹಿಡಿದು ನಿಲ್ಲುವ ಗ್ಯಾರೇಜುಗಳೂ ಇವೆ. ಅಲ್ಲಿ ಮಾಲೀಕನ ಜೇಬು ಖಾಲಿ. ಬಲ್ಲ ಮೆಕ್ಯಾನಿಕ್ ಮೊದಲು ಕಡ್ಡಿ ಎಳೆದು ಆಯಿಲ್ ಮಟ್ಟ ನೋಡುತ್ತಾನೆ, ಅದೂ ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ. ಆಯಿಲ್ ಕಡಿಮೆಯಾಗುವ ಬದಲು ಹೆಚ್ಚಾಗಿದ್ದರೆ "ಗಾಡಿ ಆಯಿಲ್ಲೇ ಕುಡಿಯಲ್ಲ" ಅಂತ ಖುಷಿಪಡುವ ಮಾಲೀಕರಿದ್ದಾರೆ! ಅದು ಡೀಸೆಲ್ ಸೋರಿ ಚೇಂಬರಿಗೆ ಇಳಿದದ್ದು. ಮೂಸಿ ನೋಡಿದರೆ ವಾಸನೆ ಹೇಳುತ್ತದೆ. ಹಾಲು ಹೆಚ್ಚಾದ ಕಾಫಿಯಂತೆ ಬಣ್ಣ ತಿರುಗಿದ್ದರೆ ರೇಡಿಯೇಟರ್ ನೀರು ಒಳಗೆ ಸೇರಿದೆ. ಎರಡರಲ್ಲೂ ಆಯಿಲ್ ಕೆಟ್ಟು ಬೇರಿಂಗ್ ಹೋಗುತ್ತದೆ, ಆದರೆ ಮೂಲ ಬೇರೆ ಕಡೆ ಇದೆ. ಆಮೇಲೆ ಗಾಡಿಯ ಮೀಟರನ್ನು ನಂಬದೆ, ಸೆನ್ಸರ್ ಕೂತಿರುವ ತೂತಿಗೆ ಕೈ ಗೇಜು ಹಾಕಿ, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಅಳೆಯುತ್ತಾನೆ. ತಣ್ಣಗಿರುವಾಗ ಅಳೆದದ್ದು ಅಳತೆಯೇ ಅಲ್ಲ. ಪ್ರತಿ 1000 ಸುತ್ತಿಗೆ ಸುಮಾರು 10 ಪೌಂಡು ಇರಬೇಕು ಅನ್ನುವುದು ಗ್ಯಾರೇಜಿನ ಬಾಯಿಲೆಕ್ಕ. ನಿಜವಾದ ಲೆಕ್ಕ ಆಯಾ ಇಂಜಿನ್ನಿನ ಕಂಪನಿ ಪುಸ್ತಕದಲ್ಲಿ ಬರೆದದ್ದೇ. ಗೇಜು ಸರಿ ತೋರಿಸಿದರೆ ಸೆನ್ಸರ್ ಬದಲಾಯಿಸಿ ಮನೆಗೆ ಹೋಗಬಹುದು. ಇಲ್ಲವಾದರೆ ಜಾಲರಿಗೆ ಕೆಸರು ಕಟ್ಟಿದೆಯೋ, ಒತ್ತಡ ಬಿಡುವ ವಾಲ್ವಿನ ಸ್ಪ್ರಿಂಗ್ ಸೋತಿದೆಯೋ, ಪಂಪು ಸವೆದಿದೆಯೋ ನೋಡಿ, ಕೊನೆಗೆ ಬೇರಿಂಗಿಗೆ ಕೈ ಹಾಕುವುದು.

ಇಷ್ಟಕ್ಕೂ ಕಾಯಿಲೆಯ ಬೀಜ ಬಿತ್ತುವುದರಲ್ಲಿ ಕಳಪೆ ಆಯಿಲಿನ ಪಾಲೂ ಇದೆ. ಬಳಸಿ ಬಿಸಾಡಿದ ಕಪ್ಪು ಆಯಿಲನ್ನು ಸೋಸಿ, ಹೆಸರಾಂತ ಕಂಪನಿಯ ಖಾಲಿ ಡಬ್ಬಕ್ಕೆ ತುಂಬಿ ಮಾರುವ ದಂಧೆ ದೇಶದಲ್ಲಿ ಹೊಸದಲ್ಲ. ಖಾಲಿ ಡಬ್ಬವನ್ನು ಗುಜರಿಗೆ ಹಾಕುವ ಮುಂಚೆ ಒಂದು ಮೊಳೆಯಿಂದ ತೂತು ಮಾಡಿದರೆ ಆ ದಂಧೆಗೆ ಅಷ್ಟರಮಟ್ಟಿಗಾದರೂ ಪೆಟ್ಟು. ಸ್ಪೇರ್ ಅಂಗಡಿಯವರು ಇದನ್ನು ಮಾಡಬಹುದು, ಖರ್ಚೇನಿಲ್ಲ.

ಸರಿ, ಕೆಟ್ಟದ್ದು ಕೆಟ್ಟಿತು. ದುಡ್ಡು ಯಾರದು? ಪೇಟೆಯಲ್ಲಿ ಹೊಟ್ಟೆ ಉರಿಸುವ ವಿಷಯ ಇರುವುದು ಇಲ್ಲಿ. ಇಂಜಿನ್ ಸೀಜ್ ಆದ ಗಾಡಿಯ ಡ್ರೈವರಿನ ಬಾಟಾ ಹಿಡಿಯುವುದು, ಎರಡು ತಿಂಗಳ ಸಂಬಳಕ್ಕೆ ಕತ್ತರಿ, "ನೀನೇ ನೋಡ್ಕೊಂಡು ಓಡಿಸ್ಬೇಕಿತ್ತು" ಅನ್ನುವ ಆಪಾದನೆ. ಹೇಳಿದ್ದು ಅವನೇ! ಹೇಳಿದ್ದಕ್ಕೆ ಸಾಕ್ಷಿ ಇಲ್ಲ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಗಾದೆ ಕೇಳಿದ್ದವರು ಇದನ್ನು ಲಾರಿ ಸ್ಟ್ಯಾಂಡಿನಲ್ಲಿ ಕಣ್ಣಾರೆ ನೋಡಬಹುದು. ಕೆಲಸಗಾರನ ಅಲಕ್ಷ್ಯದಿಂದಲೇ ನಷ್ಟವಾಯಿತು ಅನ್ನುವುದಿಲ್ಲದೆ, ಅವನ ಮಾತು ಹೇಳಿಕೊಳ್ಳಲು ಅವಕಾಶ ಕೊಡದೆ, ನಷ್ಟದ ಹೆಸರಿನಲ್ಲಿ ಸಂಬಳ ಹಿಡಿಯುವಂತಿಲ್ಲ ಎಂಬ ನಿಯಮ 1936ರ ವೇತನ ಪಾವತಿ ಕಾಯ್ದೆಯಲ್ಲೇ ಇತ್ತು. 2019ರ ವೇತನ ಸಂಹಿತೆಯಲ್ಲೂ ಇದೆ. ಆದರೆ ಕೈಗೆ ನೋಟು ಎಣಿಸಿ ಕೊಡುವ ಕಡೆ, ಚೀಟಿಯೇ ಇಲ್ಲದ ಸಂಬಳಕ್ಕೆ ಯಾವ ಕಾಯ್ದೆ ಹೋಗಿ ನಿಂತೀತು?

ಡ್ರೈವರುಗಳೆಲ್ಲ ಸಾಚಾ ಅಂತಲೂ ಅಲ್ಲ. ಬೆಳಿಗ್ಗೆ ತಣ್ಣನೆ ಇಂಜಿನ್ನನ್ನು ಸ್ಟಾರ್ಟ್ ಮಾಡಿದ ಕ್ಷಣವೇ ಗುರ್ ಅನ್ನಿಸುವವರಿದ್ದಾರೆ. ಟರ್ಬೋ ಗಾಡಿಯನ್ನು ಏರು ಹತ್ತಿಸಿ ತಂದು, ಎರಡು ನಿಮಿಷ ಐಡ್ಲಿಂಗಿನಲ್ಲಿ ಬಿಡದೆ ಟೀ ಅಂಗಡಿ ಮುಂದೆ ತಟ್ಟನೆ ಆಫ್ ಮಾಡುವವರಿದ್ದಾರೆ. ಕಡ್ಡಿ ಎಳೆದು ನೋಡದೆ ವಾರ ಕಳೆಯುವವರೂ ಇದ್ದಾರೆ. ಅಂಥವರಿಂದ ನಷ್ಟವಾದರೆ ಅವರೂ ಉತ್ತರ ಹೇಳಲಿ. ಆದರೆ ಯಾರ ತಪ್ಪು ಎಂದು ತಿಳಿಯುವುದಾದರೂ ಹೇಗೆ, ಎಲ್ಲೂ ಒಂದು ಸಾಲು ಬರೆದಿಡದಿದ್ದರೆ?

ಎಫ್.ಸಿ. ಮಾಡುವಾಗ ಆರ್.ಟಿ.ಓ. ನೋಡಲಿಲ್ಲವೇ ಅಂತ ಕೇಳುವವರಿದ್ದಾರೆ. ಎಫ್.ಸಿ.ಯಲ್ಲಿ ಬ್ರೇಕು, ಸ್ಟೀರಿಂಗು, ದೀಪ, ಹೊಗೆ ಇತ್ಯಾದಿ ನೋಡುತ್ತಾರೆ. ಚೇಂಬರ್ ಬಿಚ್ಚಿ ಬೇರಿಂಗಿನ ಸಂದು ಅಳೆಯುವ ಪರೀಕ್ಷೆ ಅದಲ್ಲ. ಸರ್ಕಾರದ ಸ್ವಂತ ವಾಹನಗಳಿಗೆ 15 ವರ್ಷ ತುಂಬಿದರೆ ನೋಂದಣಿಯೇ ರದ್ದು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಬಂದಿದೆ. ಖಾಸಗಿ ಲಾರಿ ಎಫ್.ಸಿ. ಪಾಸಾದರೆ ಅದರಾಚೆಗೂ ಓಡಬಹುದು. ಓಡಲಿ, ತಪ್ಪಿಲ್ಲ. ಚೆನ್ನಾಗಿ ಸಾಕಿದ ಹಳೇ ಇಂಜಿನ್ ಎಷ್ಟೋ ಹೊಸದಕ್ಕಿಂತ ವಾಸಿ. ಹಳೇ ಲಾರಿಯನ್ನೆಲ್ಲ ಗುಜರಿಗೆ ಹಾಕಿ ಅನ್ನುವುದು ದೊಡ್ಡ ಕಂಪನಿಗೆ ಹಬ್ಬ, ಒಂದು ಲಾರಿಯವನಿಗೆ ತಿಥಿ.

ಅಂಗಡಿಯವರ ಪಾತ್ರವೇನೂ ಸಣ್ಣದಲ್ಲ. ಬಾಡಿಗೆಯಲ್ಲಿ ನೂರು ಇನ್ನೂರು ಕಡಿಮೆ ಅಂದ ಗಾಡಿಗೇ ಮಾಲು ಹಾಕಿ, ಮೇಲೆ ಹತ್ತು ಮೂಟೆ ಹೆಚ್ಚಿಗೆ ತುರುಕಿ, "ನಾಳೆ ಬೆಳಿಗ್ಗೆ ಅಂಗಡಿ ಬಾಗಿಲಿಗೆ ಬರ್ಬೇಕು" ಅಂತ ಕಟ್ಟಾಜ್ಞೆ ಮಾಡಿದರೆ ಆ ಹತ್ತು ಮೂಟೆಯ ಭಾರ ಬೀಳುವುದು ಅದೇ ಸವೆದ ಬೇರಿಂಗಿನ ಮೇಲೆ. ಘಾಟಿಯಲ್ಲಿ ಎರಡು ದಿನ ಬಿಸಿಲಿಗೆ ಬೆಂದ ಆಲೂಗಡ್ಡೆ ಕೊಳೆತ ಮೇಲೆ ಉಳಿದ ಇನ್ನೂರಕ್ಕೆ ಏನು ಬೆಲೆ? ಲೋಡು ಹಾಕುವ ಮುಂಚೆ ಬುಕಿಂಗ್ ಆಫೀಸಿನಲ್ಲಿ ಒಂದು ಮಾತು ಕೇಳಬಹುದಲ್ಲ, "ಗಾಡಿ ಪ್ರೆಶರ್ ಹೆಂಗಿದೆ?" ಅಂತ.

ಕೇಳಿದರೆ ಉತ್ತರ ಹೇಳಲು ಒಂದು ಪುಸ್ತಕ ಬೇಕು. ದೊಡ್ಡ ಯೋಜನೆಯೇನೂ ಬೇಡ. ಪ್ರತಿ ಗಾಡಿಗೊಂದು ನೂರು ಪುಟದ ನೋಟ್ ಬುಕ್. ಟ್ರಿಪ್ಪು ಮುಗಿಸಿ ಬಂದ ಡ್ರೈವರ್ ಬಿಸಿ ಇಂಜಿನ್ ಐಡ್ಲಿಂಗಿನಲ್ಲಿರುವಾಗ ಮುಳ್ಳು ಎಲ್ಲಿತ್ತು, ಆಯಿಲ್ ಎಷ್ಟು ಸುರಿದ ಎಂದು ಎರಡು ಸಾಲು ಬರೆಯಬೇಕು. ಓದುಬರಹ ಬಾರದವನಿಗೆ ಬುಕಿಂಗ್ ಗುಮಾಸ್ತರು ಬರೆದುಕೊಡಲಿ. ಮಾಲೀಕ ಕೆಳಗೆ ರುಜು ಹಾಕಬೇಕು. ಮುಳ್ಳು ತಿಂಗಳಿಂದ ತಿಂಗಳಿಗೆ ಇಳಿಯುತ್ತಿರುವುದು ಆ ಪುಟಗಳಲ್ಲೇ ಕಾಣುತ್ತದೆ. ಇಂಜಿನ್ ಕೆಟ್ಟ ದಿನ ಬಾಯಿಜಗಳ ಬೇಡ, ಪುಸ್ತಕ ತೆರೆದರೆ ಸಾಕು. ಬರೆದಿದ್ದೂ ರಿಪೇರಿ ಮಾಡಿಸದಿದ್ದರೆ ಮಾಲೀಕನ ನಷ್ಟ, ಬರೆಯದೇ ಇದ್ದರೆ ಡ್ರೈವರಿನ ಜವಾಬ್ದಾರಿ.

ಲಾರಿ ಮಾಲೀಕರ ಸಂಘದವರು, ಬುಕಿಂಗ್ ಆಫೀಸಿನವರು, ಡ್ರೈವರುಗಳು ಒಂದು ಸಂಜೆ ಕೂತರೆ ಮುಗಿಯುವ ಕೆಲಸ ಇದು. ಜೊತೆಗೆ ಎಲ್ಲರಿಗೂ ಸೇರಿ ಒಂದು ಒಳ್ಳೆಯ ಕೈ ಗೇಜು ತಂದು ಸ್ಟ್ಯಾಂಡಿನಲ್ಲೇ ಇಟ್ಟರೆ ಮೀಟರ್ ಕೆಟ್ಟಿದೆಯೋ ಇಂಜಿನ್ ಕೆಟ್ಟಿದೆಯೋ ಅನ್ನುವ ವಾದವೂ ಹತ್ತು ನಿಮಿಷದಲ್ಲಿ ತೀರುತ್ತದೆ. ಕಾಫಿ ಲೋಡಿಂಗ್ ಶುರುವಾಗುವುದರೊಳಗೆ ಮಾಡುತ್ತಾರೋ, ಅಥವಾ ಈ ಸೀಸನ್ ಒಂದು ಮುಗೀಲಿ ಅಂತಾರೋ?